ಶೋರೂಮಿನಲ್ಲಿ ಸಿಗದ ವಾಚು: ಕೊರತೆಯನ್ನು ಓದುವ, ಮೋಸ ಹೋಗದೆ ಕೊಳ್ಳುವ ಕ್ರಮ

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕೊಲ್ಲಿಯಲ್ಲಿ ದುಡಿಯುವವರಿಲ್ಲದ ಊರು ಸಿಗುವುದು ಕಷ್ಟ. ಹತ್ತು ಹದಿನೈದು ವರ್ಷ ದುಡಿದ ಮೇಲೆ ಒಂದು ಒಳ್ಳೆಯ ವಾಚು ಕಟ್ಟಬೇಕೆಂಬ ಆಸೆ ಸಹಜ. ದುಬೈಯ ಶೋರೂಮಿಗೆ ಹೋಗಿ ರೋಲೆಕ್ಸ್ ಸಬ್‌ಮರೀನರ್ ಅಥವಾ ಡೇಟೋನಾ ಕೇಳಿದರೆ ಬರುವ ಉತ್ತರ ಒಂದೇ: ಈಗ ಇಲ್ಲ, ಹೆಸರು ಬರೆದುಕೊಳ್ಳುತ್ತೇವೆ. ಅದೇ ವಾಚು ಸೆಕೆಂಡ್ ಹ್ಯಾಂಡ್ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಲಕ್ಷಗಟ್ಟಲೆ ಹೆಚ್ಚು ಬೆಲೆಗೆ ಕೂತಿರುತ್ತದೆ. ದುಡ್ಡು ಹಿಡಿದುಕೊಂಡು ಹೋದವನಿಗೂ ಯಾಕೆ ಕೊಡುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಆಮೇಲೆಯೇ ಆ ಹೆಚ್ಚಿನ ಲಕ್ಷಗಳನ್ನು ಕೊಡುವುದೋ ಬಿಡುವುದೋ ಎಂದು ನಿರ್ಧರಿಸಲು ಬರುತ್ತದೆ.

ಕೊರತೆಯಲ್ಲಿ ಎರಡು ಬಗೆ ಇದೆ. ಒಂದು, ಮಾಡಲು ನಿಜವಾಗಿಯೂ ಆಗದ ಕೊರತೆ. ಇನ್ನೊಂದು, ಮಾಡಬಹುದಾದರೂ ಬೇಡವೆಂದು ತೀರ್ಮಾನಿಸಿದ ಕೊರತೆ. ಜನಪ್ರಿಯ ವಾಚುಗಳಲ್ಲಿ ಎರಡೂ ಬೆರೆತಿರುತ್ತವೆ. ಯಾವುದು ಎಷ್ಟಿದೆ ಎಂದು ಗುರುತಿಸುವುದೇ ಕೊಳ್ಳುವವನ ಮೊದಲ ಕೆಲಸ.

ಮಾಡಲು ಆಗದ ಕೊರತೆ: ಒಂದು ಬೆಝೆಲಿನ ಉದಾಹರಣೆ

ರೋಲೆಕ್ಸಿನ ಜಿಎಂಟಿ ಮಾಸ್ಟರ್ ಎಂಬ ವಾಚಿನ ಗಾಜಿನ ಸುತ್ತ ತಿರುಗುವ ಬಳೆ, ಅಂದರೆ ಬೆಝೆಲ್, ಇದೆಯಲ್ಲ, ಅದರ ಮೇಲಿನ ಎರಡು ಬಣ್ಣದ ಸೆರಾಮಿಕ್ ಪಟ್ಟಿಯನ್ನೇ ನೋಡಿ. ನುಣ್ಣನೆಯ ಸೆರಾಮಿಕ್ ಪುಡಿಯನ್ನು ಅಂಟಿನೊಂದಿಗೆ ಕಲಸಿ ಅಚ್ಚಿಗೆ ಒತ್ತುತ್ತಾರೆ. ಅಂಕಿಗಳ ಗುಳಿ ಅಚ್ಚಿನಲ್ಲೇ ಮೂಡುತ್ತದೆ. ಆಮೇಲೆ ಅಂಟನ್ನು ಕಾಯಿಸಿ ತೆಗೆದು, ಅರ್ಧ ಭಾಗಕ್ಕೆ ಮಾತ್ರ ಎರಡನೆಯ ಬಣ್ಣ ತರುವ ರಾಸಾಯನಿಕವನ್ನು ಉಣಿಸಿ, 1600 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖದಲ್ಲಿ ಸುಡುತ್ತಾರೆ. ಸುಡುವಾಗ ಆ ಪಟ್ಟಿ ಸುಮಾರು ಕಾಲು ಭಾಗದಷ್ಟು ಕುಗ್ಗುತ್ತದೆ. ಕುಗ್ಗಿದ ಮೇಲೂ ಅದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಳೆಯೊಳಗೆ ಕೂರಬೇಕು. ಎರಡು ಬಣ್ಣ ಸೇರುವ ಗೆರೆ ಕಲಸಿಹೋಗಬಾರದು. ಬಿರುಕು ಬಿಟ್ಟದ್ದನ್ನು, ಬಣ್ಣ ಮಾಸಿದ್ದನ್ನು ತಿದ್ದಲು ಬರುವುದಿಲ್ಲ. ಎಸೆಯಬೇಕು ಅಷ್ಟೇ. ಸುಟ್ಟ ಮೇಲೆ ಅದನ್ನು ವಜ್ರದ ಹುಡಿಯ ಸಾಧನವಲ್ಲದೆ ಬೇರೇನೂ ಕೊರೆಯುವುದಿಲ್ಲ. ಕೊನೆಗೆ ಇಡೀ ಪಟ್ಟಿಗೆ ಪ್ಲಾಟಿನಂ ಅಥವಾ ಚಿನ್ನದ ತೆಳು ಪದರ ಹಾಯಿಸಿ, ಮೇಲ್ಮೈಯನ್ನು ಉಜ್ಜಿ, ಅಂಕಿಯ ಗುಳಿಯೊಳಗೆ ಮಾತ್ರ ಲೋಹ ಉಳಿಯುವಂತೆ ಮಾಡುತ್ತಾರೆ.

ಕಪ್ಪು ನೀಲಿ ಎರಡು ಬಣ್ಣದ ಪಟ್ಟಿ ಬಂದದ್ದು 2013ರಲ್ಲಿ. ಕೆಂಪು ನೀಲಿಯದ್ದು 2014ರಲ್ಲಿ ಬಿಳಿ ಚಿನ್ನದ ವಾಚಿನಲ್ಲಿ ಬಂತು. ಸ್ಟೀಲಿನಲ್ಲಿ ಅದನ್ನು ನೋಡಲು 2018ರವರೆಗೆ ಕಾಯಬೇಕಾಯಿತು. ಒಂದು ಪಟ್ಟಿಗೇ ಇಷ್ಟು ಹಂತವಿರುವಾಗ ಬೇಡಿಕೆ ಇಮ್ಮಡಿಯಾಯಿತೆಂದು ಮುಂದಿನ ತಿಂಗಳಿಗೆ ಉತ್ಪಾದನೆಯನ್ನು ಇಮ್ಮಡಿ ಮಾಡುವ ದಾರಿಯಿಲ್ಲ. ಇದು ನಿಜವಾದ ಕೊರತೆ.

ಮತ್ತೆ ಕಾರ್ಖಾನೆ ಯಾಕೆ ಹೆಚ್ಚಿಸುವುದಿಲ್ಲ

ಇದು ನಮ್ಮ ಕಡೆಯ ಅಡಿಕೆ ಕೃಷಿಕರಿಗೆ ಬೇಗ ಅರ್ಥವಾಗುವ ವಿಷಯ. ರೇಟು ಏರಿತೆಂದು ಗದ್ದೆಗೆ ಮಣ್ಣು ತುಂಬಿಸಿ ಸಸಿ ನೆಟ್ಟರೆ ಫಸಲು ಕೈಗೆ ಬರಲು ಐದಾರು ವರ್ಷ ಬೇಕು. ಅಷ್ಟರಲ್ಲಿ ರೇಟು ಎಲ್ಲಿರುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಕೊಕ್ಕೋದ ಕಥೆ ಹಿರಿಯರಿಗೆ ನೆನಪಿದೆ. ಎಲ್ಲರೂ ನೆಟ್ಟರು, 1980ರ ಹೊತ್ತಿಗೆ ಬೆಲೆ ಬಿದ್ದು ಕೊಳ್ಳುವವರೇ ಹಿಂದೆ ಸರಿದರು, ಗಿಡ ಕಡಿದುಹಾಕಿದವರೂ ಇದ್ದರು. ಆಗ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಖರೀದಿಗೆ ಇಳಿಯದಿದ್ದರೆ ಇನ್ನೂ ಹೆಚ್ಚು ತೋಟಗಳು ಹೋಗುತ್ತಿದ್ದವು.

ಸ್ವಿಸ್ ವಾಚಿನವರಿಗೂ ಅಂಥದ್ದೇ ನೆನಪಿದೆ. 1969ರ ಡಿಸೆಂಬರ್ 25ರಂದು ಸೈಕೋ ಕಂಪನಿ ಜಪಾನಿನಲ್ಲಿ ಆಸ್ಟ್ರಾನ್ ಎಂಬ, ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚನ್ನು ಮಾರಾಟಕ್ಕೆ ತಂದಿತು. ಕೀಲಿ ಕೊಡುವ ವಾಚಿಗಿಂತ ಅದು ಎಷ್ಟೋ ಪಟ್ಟು ನಿಖರ. 1970ರಲ್ಲಿ ಸುಮಾರು 90 ಸಾವಿರ ಜನರಿಗೆ ಕೆಲಸ ಕೊಟ್ಟಿದ್ದ ಸ್ವಿಸ್ ವಾಚು ಉದ್ಯಮದಲ್ಲಿ 1980ರ ದಶಕದ ನಡುವಿಗೆ ಉಳಿದದ್ದು ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. ಹತ್ತಿರದ ಕಾಲದ್ದೂ ಒಂದಿದೆ. ಕಾರ್ಟಿಯೇ ಮುಂತಾದ ಬ್ರ್ಯಾಂಡ್‌ಗಳ ಒಡೆತನವಿರುವ ರಿಶ್‌ಮಾಂಟ್ 2016ರಿಂದ ಎರಡು ವರ್ಷಗಳಲ್ಲಿ, ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದಿದ್ದ ಸುಮಾರು 48 ಕೋಟಿ ಯೂರೋ ಬೆಲೆಯ ವಾಚುಗಳನ್ನು ಹಿಂದಕ್ಕೆ ಕೊಂಡಿತು. ಅವುಗಳಲ್ಲಿ ಹಲವನ್ನು ಬಿಚ್ಚಿ ನಾಶಮಾಡಿತು. ರಿಯಾಯಿತಿ ಅಂಗಡಿಗೆ ಅವು ಹೋಗಿದ್ದರೆ ಪೂರ್ತಿ ಬೆಲೆ ಕೊಟ್ಟು ಕೊಂಡವರ ವಾಚಿನ ಮೌಲ್ಯವೂ ಬೀಳುತ್ತಿತ್ತು. ಈ ಭಯ ಎಲ್ಲ ದೊಡ್ಡ ಕಂಪನಿಗಳಿಗೂ ಇದೆ. ಹತ್ತು ಜನ ಕೇಳುವ ಕಡೆ ಎಂಟು ವಾಚು ಕೊಡುವುದು ಅವರಿಗೆ ಹನ್ನೆರಡು ಕೊಡುವುದಕ್ಕಿಂತ ಕ್ಷೇಮ.

ರೋಲೆಕ್ಸಿಗೆ ಇನ್ನೊಂದು ಅನುಕೂಲವಿದೆ. ಅದರ ಒಡೆತನ ಕಂಪನಿಯ ಸ್ಥಾಪಕ ಹ್ಯಾನ್ಸ್ ವಿಲ್ಸ್‌ಡಾರ್ಫ್ 1945ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನದ್ದು. ಮೂರು ತಿಂಗಳಿಗೊಮ್ಮೆ ಲಾಭ ಹೆಚ್ಚಿಸಿ ಎಂದು ಒತ್ತಾಯಿಸುವ ಷೇರುದಾರರು ಇಲ್ಲ. ಹಾಗಾಗಿ ನಿಧಾನ ಮಾಡಲು ತೊಂದರೆಯಿಲ್ಲ. ಕೊರತೆ ನಮ್ಮ ತಂತ್ರವಲ್ಲ, ಗುಣಮಟ್ಟ ಇಳಿಸದೆ ಇದಕ್ಕಿಂತ ಹೆಚ್ಚು ಮಾಡಲು ಆಗುವುದಿಲ್ಲ ಎಂದು ಆ ಕಂಪನಿ 2021ರಲ್ಲಿ ಹೇಳಿತ್ತು. ಸ್ವಿಟ್ಜರ್ಲೆಂಡಿನ ಬುಲ್ ಎಂಬ ಊರಿನಲ್ಲಿ ಸುಮಾರು 100 ಕೋಟಿ ಸ್ವಿಸ್ ಫ್ರಾಂಕ್ ವೆಚ್ಚದ ಹೊಸ ಕಾರ್ಖಾನೆಯನ್ನೂ ಘೋಷಿಸಿದೆ. 2029ಕ್ಕೆ ಅದು ಮುಗಿಯುವ ಅಂದಾಜು. ಹೆಚ್ಚು ಮಾಡಲು ಆಗುವುದಿಲ್ಲ ಎಂಬ ಆ ಮಾತು ಸುಳ್ಳಲ್ಲ, ಆದರೆ ಅಷ್ಟೇ ಪೂರ್ತಿ ಸತ್ಯವೂ ಅಲ್ಲ.

ಬೇಕೆಂದೇ ಇಟ್ಟ ಕೊರತೆ

ಕಾರ್ಖಾನೆಯಲ್ಲಿ ಒಟ್ಟು ಎಷ್ಟು ವಾಚು ಎಂಬುದು ಒಂದು ಮಿತಿ. ಅದರೊಳಗೆ ಎಷ್ಟು ಸ್ಟೀಲು, ಎಷ್ಟು ಚಿನ್ನ, ಯಾವ ಮಾಡೆಲ್ ಎಷ್ಟು ಎಂಬುದು ಕಂಪನಿಯ ಆಯ್ಕೆ. ಸ್ಟೀಲಿನ ಡೇಟೋನಾಕ್ಕೂ ಚಿನ್ನದ ಡೇಟೋನಾಕ್ಕೂ ಒಳಗಿನ ಯಂತ್ರ ಒಂದೇ. ಅದೇ ಕೆಲಸಗಾರರ ಸಮಯ ಚಿನ್ನದ ಮೇಲೆ ಹೆಚ್ಚು ಗಳಿಸಿಕೊಡುತ್ತದೆ. ಎಲ್ಲರಿಗೂ ಬೇಕಾದ ಸ್ಟೀಲಿನದ್ದು ಕಡಿಮೆಯಿದ್ದಷ್ಟೂ ಕಾಯುವವರಲ್ಲಿ ಕೆಲವರು ಚಿನ್ನದ ಕಡೆಗೂ, ಕಡಿಮೆ ಬೇಡಿಕೆಯ ಬೇರೆ ಮಾಡೆಲ್ ಕಡೆಗೂ ತಿರುಗುತ್ತಾರೆ.

ಪಾಟೆಕ್ ಫಿಲಿಪ್ ಇನ್ನೂ ನೇರವಾಗಿ ನಡೆದುಕೊಂಡಿತು. 1976ರಲ್ಲಿ ಜೆರಾಲ್ಡ್ ಜೆಂಟಾ ವಿನ್ಯಾಸ ಮಾಡಿದ ನಾಟಿಲಸ್ ಸಾಲಿನ 5711 ಎಂಬ ಸ್ಟೀಲ್ ಮಾಡೆಲ್ 2006ರಲ್ಲಿ ಬಂತು. ಜಗತ್ತೆಲ್ಲ ಅದನ್ನೇ ಕೇಳುತ್ತಿದ್ದಾಗ, 2021ರಲ್ಲಿ, ಅದನ್ನು ನಿಲ್ಲಿಸಿಬಿಟ್ಟರು. ಒಂದು ಮಾಡೆಲ್ ಇಡೀ ಕಂಪನಿಯ ಹೆಸರನ್ನು ನುಂಗಬಾರದೆಂಬ ಲೆಕ್ಕ ಅದು. ಅದೇ ವರ್ಷದ ಕೊನೆಗೆ ಟಿಫನಿ ಎಂಬ ಅಮೆರಿಕದ ಒಡವೆ ಅಂಗಡಿಗಾಗಿ ತಿಳಿನೀಲಿ ಡಯಲಿನ 170 ವಾಚು ಮಾತ್ರ ಮಾಡಿದರು. ಅದರಲ್ಲೊಂದು ಹರಾಜಿನಲ್ಲಿ 65 ಲಕ್ಷ ಡಾಲರಿಗೆ ಹೋಯಿತು.

ಮಾರುವ ಜಾಗವನ್ನು ಕಡಿಮೆ ಮಾಡುವುದು ಇನ್ನೊಂದು ದಾರಿ. 2022ರ ಮಾರ್ಚ್ 26ರಂದು ಒಮೇಗಾ ಹೆಸರಿನೊಂದಿಗೆ ಸ್ವಾಚ್ ಕಂಪನಿ ತಂದ ಮೂನ್‌ಸ್ವಾಚ್ ನೋಡಿ. ಬ್ಯಾಟರಿ ವಾಚು, ಸಂಖ್ಯೆಯ ಮಿತಿಯೂ ಇರಲಿಲ್ಲ. ಆದರೂ ಆಯ್ದ ಕೆಲವೇ ಅಂಗಡಿಗಳಲ್ಲಿ ಕೊಟ್ಟದ್ದರಿಂದ ಬೀದಿ ತುಂಬ ಸಾಲು ನಿಂತಿತು. ಮೊದಲ ವಾರ ಹಲವು ಪಟ್ಟು ಬೆಲೆ ಕೊಟ್ಟು ಬೇರೆಯವರಿಂದ ಕೊಂಡವರು ಆಮೇಲೆ ಪರಿತಪಿಸಿದರು.

ಹಾಗಾದರೆ ಗುರುತಿಸುವುದು ಹೇಗೆ? ವಾಚಿನ ರೆಫರೆನ್ಸ್ ನಂಬರು (ಕಂಪನಿ ಆ ಮಾಡೆಲಿಗೆ ಕೊಟ್ಟ ಗುರುತಿನ ಸಂಖ್ಯೆ) ಹಿಡಿದು ಈ ಕ್ರಮದಲ್ಲಿ ನೋಡಿ. ಮೊದಲು, ಆ ಮಾಡೆಲ್ ಈಗಲೂ ಕಂಪನಿಯ ಕ್ಯಾಟಲಾಗಿನಲ್ಲಿದೆಯೇ? ಇದ್ದರೆ ಪ್ರತಿವರ್ಷ ಹೊಸತು ಬರುತ್ತಲೇ ಇರುತ್ತದೆ, ಕೊರತೆ ಕಾಯುವವರ ಸಾಲಿನದ್ದು ಮಾತ್ರ. ನಂತರ, ಮೂರು ನಾಲ್ಕು ದೊಡ್ಡ ಸೆಕೆಂಡ್ ಹ್ಯಾಂಡ್ ಮಾರಾಟ ತಾಣಗಳಲ್ಲಿ ಅದೇ ರೆಫರೆನ್ಸಿನ ಎಷ್ಟು ವಾಚು ಮಾರಾಟಕ್ಕಿವೆ ಎಂದು ಎಣಿಸಿ. ಅಂಗಡಿಯಲ್ಲಿ ಒಂದೂ ಇಲ್ಲ, ಇಲ್ಲಿ ನೂರಾರು ಇವೆ ಎಂದಾದರೆ ವಾಚು ಅಪರೂಪವಲ್ಲ, ಬೋರ್ಡಿನ ಬೆಲೆಗೆ, ಅಂದರೆ ಶೋರೂಮಿನ ಬೆಲೆಗೆ, ಸಿಗುವುದು ಮಾತ್ರ ಅಪರೂಪ. ಒಂದು ತಿಂಗಳ ಬಳಿಕ ಮತ್ತೆ ಎಣಿಸಿ. ಅದೇ ವಾಚುಗಳು ಅಲ್ಲೇ ಕೂತಿದ್ದರೆ ಆ ಬೆಲೆಗೆ ಕೊಳ್ಳುವವರಿಲ್ಲ ಎಂದರ್ಥ. ಪ್ರಮಾಣವನ್ನೂ ನೆನಪಿಡಿ: ರೋಲೆಕ್ಸ್ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ವಾಚು ಮಾಡುತ್ತದೆ ಎಂಬುದು ವಿಶ್ಲೇಷಕರ ಅಂದಾಜು. ಪಾಟೆಕ್ 60ರಿಂದ 70 ಸಾವಿರ, ಒಡೆಮಾ ಪಿಗೆ ಎಂಬ ಇನ್ನೊಂದು ಸ್ವಿಸ್ ಕಂಪನಿ 50 ಸಾವಿರದ ಆಸುಪಾಸು.

ನಿಂತುಹೋದದ್ದೆಲ್ಲ ಅಪರೂಪವೂ ಅಲ್ಲ. ನಮ್ಮ ಎಚ್‌ಎಂಟಿ ವಾಚು ಘಟಕ 2016ರಲ್ಲಿ ಮುಚ್ಚುವ ತೀರ್ಮಾನವಾದ ಮೇಲೆ ಜನತಾ, ಪೈಲಟ್ ಮಾಡೆಲ್‌ಗಳ ಬೆಲೆ ಏರಿತು. ಆದರೆ ಅವು ದಶಕಗಟ್ಟಲೆ ರಾಶಿರಾಶಿ ತಯಾರಾದವು. ಈಗ ಆನ್‌ಲೈನಿನಲ್ಲಿ ಹೊಳೆಯುವ ಬಣ್ಣದ ಡಯಲಿನೊಂದಿಗೆ ಕಾಣುವವುಗಳಲ್ಲಿ ಬಹಳಷ್ಟು ಹಳೆಯ ಡಯಲಿಗೆ ಮತ್ತೆ ಬಣ್ಣ ಬಳಿದವು.

ಹೆಚ್ಚಿನ ಬೆಲೆ ಕೊಡುವ ಮುಂಚೆ ಮಾಡಬೇಕಾದ ಲೆಕ್ಕ

‘ಇದು ಇನ್ವೆಸ್ಟ್‌ಮೆಂಟ್, ಯಾವಾಗ ಬೇಕಾದರೂ ಮಾರಬಹುದು’ ಎಂಬ ಮಾತು ಕೇಳಿದ ಕೂಡಲೇ ಪೆನ್ನು ಕಾಗದ ತೆಗೆದುಕೊಳ್ಳಿ. ಉದಾಹರಣೆಗೆ ಬೋರ್ಡಿನ ಬೆಲೆ 11 ಲಕ್ಷ ರೂಪಾಯಿ, ಹೊರಗಿನ ಬೆಲೆ 15 ಲಕ್ಷ ಎಂದಿಟ್ಟುಕೊಳ್ಳಿ. 15 ಲಕ್ಷವನ್ನು ಬ್ಯಾಂಕಿನಲ್ಲಿ ಶೇ. 7ರ ಬಡ್ಡಿಗೆ ಮೂರು ವರ್ಷ ಇಟ್ಟರೆ 18.38 ಲಕ್ಷ ಆಗುತ್ತದೆ. ವಾಚನ್ನು ಹಿಂದಕ್ಕೆ ಮಾರುವಾಗ ಅಂಗಡಿಯವನು ತನ್ನ ಮಾರಾಟದ ಬೆಲೆಗಿಂತ ಶೇ. 15 ಕಡಿಮೆಗೆ ಕೊಳ್ಳುತ್ತಾನೆ ಎನ್ನೋಣ. ನಿಮ್ಮ ಕೈಗೆ 18.38 ಲಕ್ಷ ಬರಬೇಕಾದರೆ ಅಂಗಡಿಯಲ್ಲಿ ಆ ವಾಚಿನ ಬೆಲೆ 21.62 ಲಕ್ಷಕ್ಕೆ ಏರಿರಬೇಕು. ಅಂದರೆ ಮೂರು ವರ್ಷದಲ್ಲಿ ಶೇ. 44 ಏರಿಕೆ. ಅದೂ ಬ್ಯಾಂಕಿನ ಬಡ್ಡಿಗೆ ಸಮ ಆಗಲು ಮಾತ್ರ.

ಬೋರ್ಡಿನ ಬೆಲೆಗೇ ಸಿಕ್ಕವನ ಲೆಕ್ಕವೂ ಜನ ಎಣಿಸಿದಷ್ಟು ಸಿಹಿಯಲ್ಲ. 11 ಲಕ್ಷ ಮೂರು ವರ್ಷಕ್ಕೆ 13.48 ಲಕ್ಷ ಆಗುತ್ತದೆ. ಅಷ್ಟು ಕೈಗೆ ಬರಲು ಅಂಗಡಿಯ ಬೆಲೆ 15.85 ಲಕ್ಷ ಇರಬೇಕು. ಹೊರಗಿನ ಬೆಲೆ 15 ಲಕ್ಷದಲ್ಲೇ ನಿಂತಿದ್ದರೆ ಅವನಿಗೂ ಸ್ವಲ್ಪ ನಷ್ಟವೇ. ಹಳೆ ಚಾಲಿ ಅಡಿಕೆ ಇಟ್ಟುಕೊಂಡು ರೇಟಿಗೆ ಕಾಯುವವರು ಬಡ್ಡಿಯನ್ನೂ ತೂಕ ಇಳಿಯುವುದನ್ನೂ ಲೆಕ್ಕ ಹಿಡಿಯುತ್ತಾರಲ್ಲ, ಅದೇ ಲೆಕ್ಕ ಇದು. 2022ರ ಮಾರ್ಚ್ ಹೊತ್ತಿಗೆ ಹೊರಗಿನ ಬೆಲೆ ತುತ್ತತುದಿಗೆ ಹೋಗಿ, ಆಮೇಲೆ ಎರಡು ವರ್ಷ ಇಳಿಯುತ್ತಲೇ ಬಂತು. ತುದಿಯಲ್ಲಿ ಕೊಂಡವರಲ್ಲಿ ಸಾಲ ಮಾಡಿದವರೂ ಇದ್ದರು.

ಕಟ್ಟಿಕೊಳ್ಳುವ ಸಂತೋಷಕ್ಕಾಗಿ ಕೊಳ್ಳುವುದಾದರೆ ಈ ಲೆಕ್ಕದಲ್ಲಿ ಬರುವ ನಷ್ಟವನ್ನು ಆ ಸಂತೋಷದ ಬೆಲೆ ಎಂದು ತಿಳಿದು ಕೊಳ್ಳಿ. ಅದರಲ್ಲಿ ತಪ್ಪಿಲ್ಲ. ಸಾಲ ಮಾಡಿ ಮಾತ್ರ ಬೇಡ.

ಶೋರೂಮಿನಲ್ಲಿ ಮಾತಾಡುವುದು

ಇಲ್ಲಿ ರೈಲ್ವೆ ರಿಸರ್ವೇಶನಿನಂಥ ಕ್ಯೂ ಇಲ್ಲ. ಹೆಸರು ಬರೆದವರಲ್ಲಿ ಯಾರಿಗೆ ಕೊಡಬೇಕೆಂದು ಡೀಲರೇ ಆರಿಸುತ್ತಾರೆ. ತಕ್ಷಣ ಹೊರಗೆ ಮಾರುವವನಿಗೆ ಹೋಗಬಾರದು ಎಂಬುದೇ ಅವರ ದೊಡ್ಡ ಚಿಂತೆ, ಯಾಕೆಂದರೆ ಹಾಗಾದರೆ ಕಂಪನಿ ಅವರನ್ನು ಪ್ರಶ್ನಿಸುತ್ತದೆ. ಆದ್ದರಿಂದ ‘ಯಾವುದಾದರೂ ಸ್ಟೀಲ್ ಮಾಡೆಲ್ ಕೊಡಿ’ ಎಂದು ಕೇಳಬೇಡಿ. ಮರುಮಾರಾಟದವರು ಕೇಳುವ ರೀತಿ ಅದು. ಒಂದು ರೆಫರೆನ್ಸ್, ಒಂದು ಡಯಲ್ ಬಣ್ಣ ಹೇಳಿ, ಎರಡನೆಯ ಆಯ್ಕೆಯೊಂದನ್ನು ಇಟ್ಟುಕೊಳ್ಳಿ. ನೀವು ವಾಸವಿರುವ ಊರಿನ ಶೋರೂಮಿನಲ್ಲೇ ಬರೆಸಿ. ಕೆಲಸ ದುಬೈಯಲ್ಲಾದರೆ ದುಬೈ, ಊರಲ್ಲಿ ನೆಲೆಸಿದ್ದರೆ ಬೆಂಗಳೂರು. ಅದೇ ಮಾರಾಟಗಾರರನ್ನು ಎರಡು ಮೂರು ತಿಂಗಳಿಗೊಮ್ಮೆ ಕಾಣಿ. ಕರೆ ಬಂದಾಗ ಹಣ ಸಿದ್ಧವಿರಲಿ, ಬಹಳ ಸಲ ಒಂದೆರಡು ದಿನ ಮಾತ್ರ ಇಟ್ಟುಕೊಳ್ಳುತ್ತಾರೆ.

ಮೊದಲು ಬೇರೆ ವಾಚು, ಒಡವೆ ಕೊಳ್ಳಿ, ಆಮೇಲೆ ನೋಡೋಣ ಎಂಬ ಸೂಚನೆ ಬಂದರೆ ಅದನ್ನೂ ಬೆಲೆಗೆ ಸೇರಿಸಿ. ಬೇಡದ 3 ಲಕ್ಷದ ಒಡವೆ ಕೊಂಡು ಅದು ಒಂದೂವರೆ ಲಕ್ಷಕ್ಕೆ ಮಾರಿಹೋದರೆ 11 ಲಕ್ಷದ ವಾಚು ನಿಮಗೆ ಬಿದ್ದದ್ದು ಹನ್ನೆರಡೂವರೆ ಲಕ್ಷಕ್ಕೆ. ‘ಒಳಗಿನ ಪರಿಚಯವಿದೆ, ಮುಂಗಡ ಕೊಡಿ’ ಎನ್ನುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಭಾರತದಲ್ಲಿ ಕೊಂಡರೆ 2 ಲಕ್ಷಕ್ಕಿಂತ ಮೇಲಿನ ಬಿಲ್ಲಿಗೆ ಪ್ಯಾನ್ ಬೇಕು. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ. ಬೆಲೆ 10 ಲಕ್ಷ ದಾಟಿದರೆ 2025ರ ಏಪ್ರಿಲ್ 22ರಿಂದ ಮಾರುವವರು ಶೇ. 1 ಟಿಸಿಎಸ್ (ಮಾರುವಾಗಲೇ ಹಿಡಿಯುವ ತೆರಿಗೆ) ವಸೂಲು ಮಾಡುತ್ತಾರೆ. ಅದು ನಷ್ಟವಲ್ಲ, ನಿಮ್ಮ ಆದಾಯ ತೆರಿಗೆಗೆ ಜಮೆಯಾಗುತ್ತದೆ. ರಿಟರ್ನ್ ಹಾಕುವಾಗ ಮರೆಯದೆ ತೋರಿಸಿ.

ಸೆಕೆಂಡ್ ಹ್ಯಾಂಡ್ ಆದರೆ

ಬಾಕ್ಸು, ಕಾರ್ಡು ಎರಡನ್ನೂ ನಕಲು ಮಾಡುತ್ತಾರೆ. ಹಾಗಾಗಿ ಬಾಕ್ಸ್ ನೋಡಿ ನಂಬಬೇಡಿ. ಈಗಿನ ರೋಲೆಕ್ಸ್‌ಗಳಲ್ಲಿ ಗಾಜಿನ ಕೆಳಗೆ, ಡಯಲಿನ ಸುತ್ತಲಿನ ಒಳ ಉಂಗುರದಲ್ಲಿ 6 ಗಂಟೆಯ ಜಾಗದಲ್ಲಿ ಸೀರಿಯಲ್ ನಂಬರು ಕೆತ್ತಿರುತ್ತದೆ. ಕಾರ್ಡಿನ ನಂಬರಿನೊಂದಿಗೆ ಅಕ್ಷರಶಃ ತಾಳೆ ನೋಡಿ. ಅದೇ ಜಾಗದ ಗಾಜಿನಲ್ಲಿ ಅತಿ ಸಣ್ಣ ಕಿರೀಟದ ಗುರುತಿದೆ. ಬರಿಗಣ್ಣಿಗೆ ಸುಲಭವಾಗಿ ಕಂಡರೆ ಅನುಮಾನ ಪಡಬೇಕು. ತಾರೀಕಿನ ಮೇಲಿನ ಭೂತಗಾಜು ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದು ಮಾಡಬೇಕು.

ಹೊರಗಿನದ್ದು ಇಷ್ಟು. ಈಗಿನ ಒಳ್ಳೆಯ ನಕಲಿ ವಾಚಿನೊಳಗೆ ಯಂತ್ರವೂ ನಕಲಾಗಿರುತ್ತದೆ, ಆದ್ದರಿಂದ ಹಿಂಬದಿ ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ. ಬಿಚ್ಚುವುದು ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಆಗಲಿ, ಪೇಟೆಯ ಅಂಗಡಿಯಲ್ಲಿ ತಪ್ಪು ಕೀಲಿ ಹಾಕಿದರೆ ಮುಚ್ಚಳದ ಹಲ್ಲು ಸವೆದು ನೀರು ಒಳಗೆ ಹೋಗುತ್ತದೆ. ಟೈಮ್‌ಗ್ರಾಫರ್ ಎಂಬ, ಟಿಕ್ ಸದ್ದನ್ನು ಅಳೆದು ವಾಚಿನ ಓಟ ತೋರಿಸುವ ಯಂತ್ರದಲ್ಲಿಟ್ಟು ಓದಿಸಿ. ಪೂರ್ತಿ ಕೀಲಿ ಕೊಟ್ಟು, ಡಯಲ್ ಮೇಲ್ಮುಖವಾಗಿಟ್ಟಾಗ ಆಂಪ್ಲಿಟ್ಯೂಡ್ (ಒಳಗಿನ ಬ್ಯಾಲೆನ್ಸ್ ಚಕ್ರ ತೂಗುವ ಕೋನ) 270ರಿಂದ 310 ಡಿಗ್ರಿಯೊಳಗೆ, ಬೀಟ್ ಎರರ್ (ಟಿಕ್ ಟಾಕ್ ನಡುವಿನ ಅಸಮತೆ) 0.5 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದರೆ ವಾಚಿನ ಯಂತ್ರ ಆರೋಗ್ಯವಾಗಿದೆ. 230ರ ಕೆಳಗಿದ್ದರೆ ಎಣ್ಣೆ ಒಣಗಿದೆ, ಸರ್ವಿಸಿನ ಖರ್ಚನ್ನು ಬೆಲೆಯಿಂದ ಕಳೆಯಿರಿ. ಟೈಮ್‌ಗ್ರಾಫರಿಗೆ ಆ ಮೂವ್‌ಮೆಂಟಿನ (ವಾಚಿನೊಳಗಿನ ಯಂತ್ರದ) ಸರಿಯಾದ ಲಿಫ್ಟ್ ಆಂಗಲ್, ಅಂದರೆ ಒಂದೊಂದು ಮೂವ್‌ಮೆಂಟಿಗೆ ಒಂದೊಂದು ಇರುವ ಕೋನದ ಅಂಕಿ, ಕೊಟ್ಟಿದ್ದಾರೆಯೇ ಎಂದೂ ಕೇಳಿ. ಅದು ತಪ್ಪಿದರೆ ಅಂಕಿಯೇ ತಪ್ಪು. ಬ್ರೇಸ್‌ಲೆಟ್ಟಿನ ಕೊಂಡಿ ಎಷ್ಟಿವೆ ಎಂದು ಎಣಿಸಿ, ತೆಗೆದ ಕೊಂಡಿಗಳನ್ನು ಕೇಳಿ ಪಡೆಯಿರಿ. ಅಂಚುಗಳು ಸೋಪಿನಂತೆ ದುಂಡಾಗಿದ್ದರೆ ವಾಚು ಅತಿಯಾಗಿ ಪಾಲಿಶ್ ಆಗಿದೆ.

ಹಣ ಹೆಚ್ಚಾದರೂ ತಲೆನೋವು ಬೇಡ ಎನ್ನುವವರಿಗೆ ರೋಲೆಕ್ಸೇ 2022ರ ಡಿಸೆಂಬರಿನಿಂದ ನಡೆಸುತ್ತಿರುವ ಪ್ರಮಾಣಿತ ಹಳೆ ವಾಚುಗಳ ವ್ಯವಸ್ಥೆ ಇದೆ. ಕಂಪನಿಯೇ ತಪಾಸಣೆ ಮಾಡಿ ಎರಡು ವರ್ಷದ ಗ್ಯಾರಂಟಿ ಕೊಡುತ್ತದೆ.

ಊರಿಗೆ ತರುವಾಗ

ಪ್ರವಾಸಿಯಾಗಿ ದುಬೈಯಲ್ಲಿ ಕೊಂಡರೆ ಶೇ. 5ರ ವ್ಯಾಟ್‌ನಲ್ಲಿ ಹೆಚ್ಚಿನ ಭಾಗ, ಪ್ರತಿ ಬಿಲ್ಲಿಗೆ ಸ್ವಲ್ಪ ಶುಲ್ಕ ಕಳೆದು, ಹಿಂದಕ್ಕೆ ಬರುತ್ತದೆ. ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿ ನೋಂದಾಯಿಸಬೇಕು, 90 ದಿನದೊಳಗೆ ದೇಶ ಬಿಡಬೇಕು. ವಿಮಾನ ನಿಲ್ದಾಣದಲ್ಲಿ ಲಗೇಜು ಒಪ್ಪಿಸುವ ಮುಂಚೆ ದೃಢೀಕರಿಸಬೇಕು. ಅಲ್ಲಿನ ರೆಸಿಡೆನ್ಸ್ ವೀಸಾ ಇದ್ದವರಿಗೆ ಇದು ಇಲ್ಲ.

ಮಂಗಳೂರಿನ ಬಜ್ಪೆಯಲ್ಲಿ ಇಳಿಯಲಿ, ಕಣ್ಣೂರಿನ ಮಟ್ಟನ್ನೂರಿನಲ್ಲಿ ಇಳಿಯಲಿ, ಕೈಗೆ ಕಟ್ಟಿಕೊಂಡರೆ ಸುಂಕವಿಲ್ಲ ಎಂಬ ಮಾತನ್ನು ನಂಬಬೇಡಿ. ಬ್ಯಾಗೇಜಿನ ಸುಂಕರಹಿತ ಮಿತಿ ಮೀರಿದ ಬೆಲೆಗೆ ಸುಂಕ ಕಟ್ಟಲೇಬೇಕು. ಗಂಡ ಹೆಂಡತಿಯ ಮಿತಿಯನ್ನು ಕೂಡಿಸಿಕೊಳ್ಳಲು ಬರುವುದಿಲ್ಲ. ಮಿತಿಯೂ ದರವೂ ಬದಲಾಗುತ್ತಿರುವುದರಿಂದ ಟಿಕೆಟ್ ತೆಗೆದ ವಾರ ಕಸ್ಟಮ್ಸಿನ ಜಾಲತಾಣ ನೋಡಿ ಸುಂಕವನ್ನು ವಾಚಿನ ಬೆಲೆಗೆ ಸೇರಿಸಿಯೇ ಬೆಂಗಳೂರಿನ ಬೆಲೆಯೊಂದಿಗೆ ಹೋಲಿಸಿ. ಬಿಲ್ಲು ಹಿಡಿದು ರೆಡ್ ಚಾನೆಲಿನಲ್ಲಿ (ಸುಂಕದ ಸರಕು ಇದೆ ಎನ್ನುವವರ ದಾರಿಯಲ್ಲಿ) ಹೋಗಿ, ರಸೀದಿ ಪಡೆಯಿರಿ. ಗ್ರೀನ್ ಚಾನೆಲಿನಲ್ಲಿ ಸಿಕ್ಕಿಬಿದ್ದರೆ ಮುಟ್ಟುಗೋಲು, ಅದರ ಮೇಲೆ ದಂಡ. ಸ್ವಿಸ್ ವಾಚಿನ ಸುಂಕವನ್ನು ವರ್ಷ ವರ್ಷ ಇಳಿಸುವ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆದರೆ ಅದು ಮೂಲ ದೇಶದ ದಾಖಲೆಯೊಂದಿಗೆ ಆಮದಾಗುವ ಸರಕಿಗೆ, ನಿಮ್ಮ ಬ್ಯಾಗಿಗೆ ಅಲ್ಲ. ಬೇರೆಯವರ ವಾಚನ್ನು ‘ಊರಿಗೆ ಮುಟ್ಟಿಸಿ’ ಎಂದು ಕೊಟ್ಟರೆ, ಆಪ್ತರಾದರೂ ಬೇಡವೆನ್ನಿ.

ಇಲ್ಲಿಂದ ಮತ್ತೆ ಕೊಲ್ಲಿಗೆ ಹೋಗುವಾಗ ವಾಚು ಕಟ್ಟಿಕೊಂಡು ಹೋಗುವುದಾದರೆ ಹೊರಡುವ ವಿಮಾನ ನಿಲ್ದಾಣದಲ್ಲೇ ಸೀರಿಯಲ್ ನಂಬರು ಬರೆಸಿ ಕಸ್ಟಮ್ಸಿನಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಹಿಂದೆ ಬರುವಾಗ ಇದು ನನ್ನದೇ ಎಂದು ತೋರಿಸಲು ಅದೇ ದಾಖಲೆ. ಇದಕ್ಕೆ ಒಂದು ಗಂಟೆ ಮುಂಚೆ ಹೋಗಬೇಕಾಗುತ್ತದೆ.

ಕರಾವಳಿಯ ಬೆವರು, ಉಪ್ಪುಗಾಳಿ, ಆಟಿಯ ಮಳೆ ಸ್ಟೀಲಿಗೆ ಹೆಚ್ಚೇನೂ ಮಾಡುವುದಿಲ್ಲ, ಒಳಗಿನ ರಬ್ಬರ್ ರಿಂಗಿಗೆ ಮಾಡುತ್ತದೆ. ಕೀಲಿ ಗುಂಡಿಯನ್ನು ಪೂರ್ತಿ ತಿರುಗಿಸಿ ಬಿಗಿ ಮಾಡಿದ ಮೇಲೆ ವಾರಕ್ಕೊಮ್ಮೆ ನಲ್ಲಿ ನೀರಲ್ಲಿ ತೊಳೆದು, ಬ್ರೇಸ್‌ಲೆಟ್ಟಿನ ಸಂದಿಗೆ ಮೆತ್ತನೆಯ ಬ್ರಷ್ ಹಾಕಿ, ಒಣಬಟ್ಟೆಯಲ್ಲಿ ಒರೆಸಿ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ವರ್ಷಕ್ಕೊಮ್ಮೆ ಪ್ರೆಶರ್ ಟೆಸ್ಟ್ (ನೀರು ಒಳಗೆ ಹೋಗುತ್ತದೆಯೇ ಎಂಬ ಪರೀಕ್ಷೆ) ಮಾಡಿಸಿ. ಗಾಜಿನ ಒಳಗೆ ಮಂಜು ಕಂಡರೆ ಬಿಸಿಲಿಗಿಡಬೇಡಿ, ಅಕ್ಕಿಯಲ್ಲಿ ಹೂಳಬೇಡಿ. ಅದೇ ವಾರ ಸರ್ವಿಸ್ ಸೆಂಟರಿಗೆ ಮುಟ್ಟಿಸಿ, ತಡವಾದಷ್ಟೂ ತುಕ್ಕು ಮುಳ್ಳಿನಿಂದ ಯಂತ್ರಕ್ಕೆ ಇಳಿಯುತ್ತದೆ.